ಬಂದರುಗಳು ಮೊದಲೇ ಒಪ್ಪಂದ ಮಾಡಿಕೊಳ್ಳಲಿ

ಚಂಡಮಾರುತಕ್ಕೆ ಚೆನ್ನೈ ಬಂದರು ಸ್ಥಗಿತಗೊಂಡರೆ ಕೋಲಾರ ಜಿಲ್ಲೆಯ ಕೈಗಾರಿಕಾ ಪ್ರದೇಶಗಳಾದ ನರಸಾಪುರ, ವೇಮಗಲ್‌ನಿಂದ ಹೊರಟ ರಫ್ತು ಕಂಟೇನರ್‌ಗಳು ದಾರಿಯಲ್ಲೇ ನಿಲ್ಲಬೇಕಾಗುತ್ತದೆ. 2023ರ ಡಿಸೆಂಬರ್‌ನ ಮಿಚಾಂಗ್ ಚಂಡಮಾರುತ ನೆನಪಿರಬಹುದು. ಸಮೀಪದ ಎಣ್ಣೂರು, ಕಾಟ್ಟುಪಳ್ಳಿ ಬಂದರುಗಳು ಬೇಗ ತೆರೆದರೂ ಸರಕನ್ನು ಅತ್ತ ತಿರುಗಿಸುವುದು ಸುಲಭವಲ್ಲ. ರಫ್ತಿಗಾಗಿ ಕಸ್ಟಮ್ಸ್‌ಗೆ ಸಲ್ಲಿಸುವ ದಾಖಲೆಯಾದ ಶಿಪ್ಪಿಂಗ್ ಬಿಲ್‌ನಲ್ಲಿ ಬಂದರಿನ ಹೆಸರು ತಿದ್ದಲು ಕಸ್ಟಮ್ಸ್ ಅನುಮತಿ ಬೇಕು, ಹಡಗು ಕಂಪನಿಯ ಬುಕಿಂಗ್ ಬದಲಾಗಬೇಕು, ಶೈತ್ಯ ಕಂಟೇನರಾದರೆ ಅಲ್ಲಿ ವಿದ್ಯುತ್ ಪ್ಲಗ್ ಖಾಲಿ ಇರಬೇಕು. 2024ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಸೇತುವೆ ಕುಸಿದು ಬಂದರಿನ ದಾರಿ ಮುಚ್ಚಿದಾಗ ಆ ಬಂದರಿನ ಪ್ರತಿಸ್ಪರ್ಧಿಗಳಾದ ನಾರ್ಫೋಕ್, ನ್ಯೂಯಾರ್ಕ್ ಬಂದರುಗಳೇ ಸರಕು ಇಳಿಸಿಕೊಂಡವು. ಆದರೆ ನಮ್ಮ ಚೆನ್ನೈ, ಎಣ್ಣೂರು, ಕಾಟ್ಟುಪಳ್ಳಿ ಮೂರೂ ಒಂದೇ ಗಾಳಿಗೆ ಸಿಲುಕುವಷ್ಟು ಹತ್ತಿರದಲ್ಲಿವೆ. ಹೀಗಾಗಿ ಈ ಬಂದರುಗಳು ಪಶ್ಚಿಮ ಕರಾವಳಿಯ ನವಮಂಗಳೂರನ್ನೂ ಸೇರಿಸಿಕೊಂಡು, ದರ, ಪ್ಲಗ್‌ಗಳ ಸಂಖ್ಯೆ, ದಾಖಲೆ ತಿದ್ದುವ ಕ್ರಮ ಎಲ್ಲವನ್ನೂ ಪ್ರತಿವರ್ಷ ಚಂಡಮಾರುತಗಳ ಕಾಲವಾದ ಅಕ್ಟೋಬರ್‌ಗೆ ಮುನ್ನವೇ ಲಿಖಿತವಾಗಿ ನಿಗದಿಪಡಿಸಿಕೊಳ್ಳಲಿ.

– ಓದುಗ, ಕೋಲಾರ