ಭಾನುವಾರ ಲಾನ್ ರೋಡ್ ಫ್ಲ್ಯಾಟ್ಸ್ ನೋಡಲು ಬರುವವರಿಗೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 11ಕ್ಕೆ ಲಂಡನ್ನಿನ ಬೆಲ್‌ಸೈಜ್ ಪಾರ್ಕ್ ಟ್ಯೂಬ್ (ಸುರಂಗ ರೈಲು) ಸ್ಟೇಷನ್ ಹೊರಗೆ ಸೇರೋಣ. ಅಲ್ಲಿಂದ ಸ್ವಲ್ಪವೇ ನಡಿಗೆ.

ನಾವು ನೋಡಲಿರುವ ಲಾನ್ ರೋಡ್ ಫ್ಲ್ಯಾಟ್ಸ್ ಕಟ್ಟಡ ಐಸೊಕಾನ್ ಅಂತಲೇ ಹೆಸರುವಾಸಿ. 1934ರಲ್ಲಿ ವಾಸಕ್ಕೆ ತೆರೆಯಿತು. ವಾಸ್ತುಶಿಲ್ಪಿ ವೆಲ್ಸ್ ಕೋಟ್ಸ್, ಕಟ್ಟಿಸಿದವರು ಜ್ಯಾಕ್ ಮತ್ತು ಮಾಲಿ ಪ್ರಿಚರ್ಡ್ ದಂಪತಿ. ಇಡೀ ಕಟ್ಟಡ ಕಾಂಕ್ರೀಟು. ಇಟ್ಟಿಗೆ ಮನೆಗಳ ಲಂಡನ್ನಿನಲ್ಲಿ ಆಗ ಅದು ಎಷ್ಟು ಹೊಸದಾಗಿ ಕಂಡಿರಬೇಕು, ಅಲ್ವಾ?

ಮೊದಲು ಹೊರಗಿನ ಉದ್ದನೆಯ ಮೊಗಸಾಲೆಗಳನ್ನು ನೋಡಿ. ಪ್ರತಿ ಮಹಡಿಯಲ್ಲೂ ಹಡಗಿನ ಡೆಕ್ಕಿನ ಹಾಗೆ ಹೊರಚಾಚಿವೆ, ಕೆಳಗೆ ಕಂಬಗಳಿಲ್ಲ. ಮನೆ ಬಾಗಿಲುಗಳು ಅಲ್ಲಿಗೇ ತೆರೆಯುತ್ತವೆ. ನನಗೆ ತುಂಬಾ ಇಷ್ಟವಾದ ಭಾಗ ಇದೇ.

ಒಳಗೆ ಮನೆಗಳು ತುಂಬಾ ಪುಟ್ಟವು. ಸಾಮಾನು ಕಡಿಮೆ ಇರುವವರಿಗೆಂದೇ ಮಾಡಿದ್ದು. ಪೀಠೋಪಕರಣ ಗೋಡೆಗೆ ಹೊಂದಿಸಿ ಕೂರಿಸಿದ್ದರು. ಊಟ ಕೆಳಗಿನ ದೊಡ್ಡ ಅಡುಗೆಮನೆಯಿಂದ ಪುಟ್ಟ ಲಿಫ್ಟಿನಲ್ಲಿ ಮೇಲೆ ಬರುತ್ತಿತ್ತು. ಜರ್ಮನಿ ಬಿಟ್ಟು ಬಂದ ವಾಸ್ತುಶಿಲ್ಪಿಗಳಾದ ವಾಲ್ಟರ್ ಗ್ರೋಪಿಯಸ್, ಮಾರ್ಸೆಲ್ ಬ್ರಾಯರ್ ಇಲ್ಲಿದ್ದರು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿ ಕೂಡ.

ಆಮೇಲೆ ಕಟ್ಟಡ ಬಹಳ ಹಾಳಾಗಿತ್ತು. 1999ರಲ್ಲಿ ಅದಕ್ಕೆ ಗ್ರೇಡ್ ಒಂದು, ಅಂದರೆ ಅತಿ ಮೇಲಿನ ದರ್ಜೆಯ ರಕ್ಷಣೆ ಸಿಕ್ಕಿತು. 2000ದ ದಶಕದಲ್ಲಿ ದುರಸ್ತಿಯೂ ಆಯಿತು. ಹಳೆಯ ಗ್ಯಾರೇಜು ಈಗ ಪುಟ್ಟ ಗ್ಯಾಲರಿ. ನಾವು ಒಳಗೆ ಹೋಗುವುದು ಅಲ್ಲಿಗೆ ಮಾತ್ರ.

ಮೇಲೆ ಜನ ವಾಸವಾಗಿದ್ದಾರೆ. ದಯವಿಟ್ಟು ಮೆಟ್ಟಿಲು ಹತ್ತಬೇಡಿ, ಕಿಟಕಿಗಳ ಫೋಟೋ ಹತ್ತಿರದಿಂದ ತೆಗೆಯಬೇಡಿ. ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ.