ನಮ್ಮ ಅಂಡರ್‌ಕ್ವಿಲ್ಟ್‌ನ ಹಗ್ಗ ಬದಲಾಗಿದೆ, ಕಟ್ಟುವ ಮೊದಲು ಒಮ್ಮೆ ಓದಿ

ಪ್ರಿಯ ಗ್ರಾಹಕರೇ,

ಇನ್ನು ಮುಂದೆ ನಮ್ಮ ಅಂಡರ್‌ಕ್ವಿಲ್ಟ್‌ಗಳ (ಹ್ಯಾಮಕ್ ಅಂದರೆ ಬಟ್ಟೆಯ ತೂಗುಹಾಸಿಗೆ, ಅದರ ಕೆಳಗೆ ಕಟ್ಟುವ ಬೆಚ್ಚನೆ ಹೊದಿಕೆಗಳ) ಎರಡೂ ಬದಿಗೆ ಉದ್ದಕ್ಕೂ ಎಲಾಸ್ಟಿಕ್ ಹಗ್ಗ ಇರುವುದಿಲ್ಲ. ಅದರ ಜಾಗಕ್ಕೆ, ಎಳೆದರೂ ಹಿಗ್ಗದ ತೆಳು ಹಗ್ಗ ಬಂದಿದೆ. ಎಲಾಸ್ಟಿಕ್ ಪೂರ್ತಿ ಹೋಗಿಲ್ಲ. ತಲೆಯ ಕಡೆ, ಕಾಲಿನ ಕಡೆ ಒಂದೊಂದು ಗೇಣಿನಷ್ಟು ಉಳಿಸಿದ್ದೇವೆ. ಬಟ್ಟೆ, ಹೊಲಿಗೆ, ಒಳಗಿನ ಡೌನ್ (ಹಕ್ಕಿಯ ಮೆತ್ತನೆ ಪುಕ್ಕ) ಎಲ್ಲ ಮೊದಲಿನ ಹಾಗೇ ಇವೆ.

ಯಾಕೆ ಬೇಕಿತ್ತು ಅಂತ ಕೇಳಬಹುದು. ಹ್ಯಾಮಕ್‌ನಲ್ಲಿ ಸ್ಲೀಪಿಂಗ್ ಬ್ಯಾಗ್ ಮೈಕೆಳಗೆ ಸಿಕ್ಕಿ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಡೌನ್ ಗಾಳಿಯನ್ನು ಹಿಡಿದಿಡುವುದಿಲ್ಲ, ಬಿಸಿಯೂ ನಿಲ್ಲುವುದಿಲ್ಲ. ಅದಕ್ಕೇ ಅಂಡರ್‌ಕ್ವಿಲ್ಟನ್ನು ಹ್ಯಾಮಕ್‌ನ ಹೊರಗೆ, ಕೆಳಗಡೆ ತೂಗುಹಾಕುವುದು. ಅದು ತಳಕ್ಕೆ ಮೆತ್ತಗೆ ತಾಗಿಕೊಂಡಿರಬೇಕು, ಅಷ್ಟೇ. ಸಡಿಲವಾದರೆ ನಡುವೆ ತಣ್ಣನೆ ಗಾಳಿ ಸೇರುತ್ತದೆ. ಜಾಸ್ತಿ ಬಿಗಿಯಾದರೆ ಡೌನ್ ಅದುಮಿ ಹೋಗಿ ಮತ್ತೆ ಅದೇ ಚಳಿ.

ಉದ್ದದ ಎಲಾಸ್ಟಿಕ್ ಬಳಸುತ್ತ ಬಳಸುತ್ತ ಬಿಗಿ ಕಳೆದುಕೊಳ್ಳುತ್ತದೆ. ಚಳಿಗಾಲದ ದಪ್ಪ ಕ್ವಿಲ್ಟ್ ಆದರಂತೂ ನಡುವೆ ಜೋತುಬೀಳುತ್ತದೆ. ನೀವು ಮಗ್ಗುಲು ಬದಲಾಯಿಸಿದಂತೆಲ್ಲ ಕ್ವಿಲ್ಟ್ ಕಾಲಿನ ಕಡೆ ಜಾರುತ್ತದೆ, ನಡುರಾತ್ರಿ ಸೊಂಟದ ಕೆಳಗೆ ಚಳಿ ಕೊರೆಯುತ್ತದೆ. ಹೊಸ ಹಗ್ಗ ಕಟ್ಟಿದ ಜಾಗ ಬಿಟ್ಟು ಕದಲುವುದಿಲ್ಲ. ಆದರೆ ಅದು ಎಲಾಸ್ಟಿಕ್‌ನಷ್ಟು ಹೊಂದಿಕೊಳ್ಳುವ ಹಗ್ಗವೂ ಅಲ್ಲ. ಬೇರೆ ಉದ್ದದ ಹ್ಯಾಮಕ್‌ಗೆ ಹಾಕಿದರೆ ಮತ್ತೆ ಸರಿಮಾಡಲೇಬೇಕು.

ಮೊದಲು ಹ್ಯಾಮಕ್ ಸರಿಯಾಗಿ ಕಟ್ಟಿ, ಮರಕ್ಕೆ ಸುತ್ತುವ ಪಟ್ಟಿ ಸುಮಾರು 30 ಡಿಗ್ರಿ ಇಳಿಜಾರಿನಲ್ಲಿರಲಿ. ಹ್ಯಾಮಕ್‌ನ ಎರಡೂ ತುದಿಗೆ ಕ್ವಿಲ್ಟ್‌ನ ಕ್ಯಾರಬೀನರ್ (ಕೊಂಡಿ) ಸಿಕ್ಕಿಸಿ. ಆಮೇಲೆ ನೀವು ದಿನವೂ ಮಲಗುವ ಹಾಗೆ ಓರೆಯಾಗಿ ಮಲಗಿ. ಜೊತೆಯಲ್ಲಿರುವವರು ಕ್ವಿಲ್ಟ್ ಮತ್ತು ಹ್ಯಾಮಕ್ ನಡುವೆ ಅಂಗೈ ಚಪ್ಪಟೆಯಾಗಿ ಹಿಡಿದು ಸೊಂಟದ ಕೆಳಗೆ ತೂರಿಸಲಿ. ಕೈಯ ಎರಡೂ ಬದಿಗೆ ಬಟ್ಟೆ ತಾಗಬೇಕು, ಆದರೆ ಕೈ ಸಿಕ್ಕಿಹಾಕಿಕೊಳ್ಳಬಾರದು. ಭುಜದ ಕೆಳಗೂ ಹಾಗೇ ನೋಡಲಿ. ಪೊಳ್ಳು ಸಿಕ್ಕಿದರೆ ನಾಲ್ಕೂ ಮೂಲೆ ಒಟ್ಟಿಗೆ ಎಳೆಯಬೇಡಿ. ಆ ಕಡೆಯ ಕಾರ್ಡ್ ಲಾಕ್ (ಹಗ್ಗ ಜಾರದಂತೆ ಹಿಡಿಯುವ ಗುಂಡಿ) ಒಂದರಲ್ಲೇ ಹಗ್ಗವನ್ನು ಒಂದೆರಡು ಬೆರಳಗಲ ಎಳೆದು ಮತ್ತೆ ಮಲಗಿ ನೋಡಿ. ಕ್ವಿಲ್ಟನ್ನು ಭುಜದ ಕಡೆ ಸರಿಸಬೇಕಾದರೆ ತಲೆಯ ಕಡೆ ಎಳೆದಷ್ಟೇ ಕಾಲಿನ ಕಡೆ ಬಿಡಿ.

ಕ್ವಿಲ್ಟ್‌ನ ತುದಿಯನ್ನು ಸುರುಕುವ ದಾರ ಕೊನೆಗೆ. ಚಳಿ ಆದಾಗ ಎಲ್ಲರ ಕೈ ಮೊದಲು ಹೋಗುವುದು ಅಲ್ಲಿಗೇ, ಅಲ್ವಾ? ಅದನ್ನು ಗಾಳಿ ನುಗ್ಗದಷ್ಟು ಎಳೆದರೆ ಸಾಕು. ಇನ್ನೂ ಬಿಗಿದರೆ ಅಂಚು ಮೇಲೆ ಎಳೆದುಕೊಂಡು ಒಳಗೆ ಪೊಳ್ಳು ಬೀಳುತ್ತದೆ.

ಇನ್ನೊಂದು ಮಾತು. ನೀವು ಇಳಿದ ಮೇಲೆ ಖಾಲಿ ಹ್ಯಾಮಕ್ ಕೆಳಗೆ ಕ್ವಿಲ್ಟ್ ಸ್ವಲ್ಪ ಜೋತಂತೆ ಕಾಣಬಹುದು. ಉದ್ದಕ್ಕೂ ಎಲಾಸ್ಟಿಕ್ ಇದ್ದಾಗ ಹ್ಯಾಮಕ್ ಜೊತೆ ಕ್ವಿಲ್ಟೂ ಮೇಲೆ ಏಳುತ್ತಿತ್ತು, ಈಗ ಅಷ್ಟು ಏಳುವುದಿಲ್ಲ. ಅದನ್ನು ನೋಡಿ ಸುಮ್ನೆ ಬಿಗಿಯಬೇಡಿ.

ಹಳೇ ಕ್ವಿಲ್ಟ್ ಇರುವವರಿಗೆ ಹಗ್ಗದ ಸೆಟ್ ಬಿಡಿಯಾಗಿಯೂ ಸಿಗುತ್ತದೆ, ಅದೇ ಕುಣಿಕೆಗಳಿಗೆ ಕೂರುತ್ತದೆ. ನಿಮ್ಮ ಎಲಾಸ್ಟಿಕ್ ಇನ್ನೂ ಗಟ್ಟಿಯಾಗಿದ್ದರೆ ಬದಲಾಯಿಸುವ ಅಗತ್ಯವಿಲ್ಲ. ಎಲ್ಲಿ ಎಳೆಯಬೇಕು ಎಂದು ತಿಳಿಯದಿದ್ದರೆ ಪಕ್ಕದಿಂದ ತೆಗೆದ ಒಂದು ಫೋಟೋ ಕಳಿಸಿ. ಹ್ಯಾಮಕ್‌ನಲ್ಲಿ ಯಾರಾದರೂ ಮಲಗಿರಲಿ, ಖಾಲಿ ಹ್ಯಾಮಕ್‌ನ ಫೋಟೋದಿಂದ ನಮಗೆ ಏನೂ ಗೊತ್ತಾಗುವುದಿಲ್ಲ.