ಹಂತಕನಷ್ಟೇ ನೆನಪಾದರೆ ಸಾಲದು

ಮಾನ್ಯರೇ,

ದಕ್ಷಿಣ ಕನ್ನಡದಲ್ಲಿ ಶಿಕ್ಷಕನಾಗಿದ್ದ ‘ಸಯನೈಡ್ ಮೋಹನ್’ ಎಲ್ಲರಿಗೂ ಗೊತ್ತು. ಆದರೆ 2003ರಿಂದ 2009ರವರೆಗೆ ಮದುವೆಯ ಆಸೆ ತೋರಿಸಿ ಅವನು ಕರೆದೊಯ್ದು ಕೊಂದ ಯುವತಿಯರ ಬಗ್ಗೆ ಮಾತೇ ಇಲ್ಲದಿರುವುದು ನೋವಿನ ಸಂಗತಿ. ಒಡವೆಗಳನ್ನು ವಸತಿಗೃಹದ ಕೋಣೆಯಲ್ಲೇ ಬಿಚ್ಚಿಡಿಸಿ, ಗರ್ಭನಿರೋಧಕವೆಂದು ನಂಬಿಸಿ ಅವನು ಕೊಟ್ಟ ಮಾತ್ರೆಯನ್ನು ನುಂಗಿದ ಆ ಬಡ ಹೆಣ್ಣುಮಕ್ಕಳಲ್ಲಿ ಅನೇಕರು ಮಡಿಕೇರಿ, ಮೈಸೂರು, ಹಾಸನದ ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ ಪ್ರಾಣಬಿಟ್ಟರು. ಮನೆಯವರು ಒಂದು ಜಿಲ್ಲೆಯಲ್ಲಿ ಹುಡುಕುತ್ತಿದ್ದಾಗ ಶವ ಇನ್ನೊಂದು ಜಿಲ್ಲೆಯಲ್ಲಿ ಅಪರಿಚಿತವೆಂದು ದಾಖಲಾಗುತ್ತಿತ್ತು. ಇದೇ ಅವನಿಗೆ ವರವಾಯಿತು. 2013ರಲ್ಲಿ ಮಂಗಳೂರಿನ ನ್ಯಾಯಾಲಯ ಅವನಿಗೆ ಮರಣದಂಡನೆ ವಿಧಿಸಿತು. ನಾಪತ್ತೆಯಾದ ಮಹಿಳೆಯರ ಪ್ರತಿ ದೂರನ್ನೂ ಎಲ್ಲ ಜಿಲ್ಲೆಗಳ ಅಪರಿಚಿತ ಶವಗಳ ವಿವರದೊಂದಿಗೆ ತಕ್ಷಣ ತಾಳೆ ನೋಡುವುದನ್ನು ಗೃಹ ಇಲಾಖೆ ಕಡ್ಡಾಯಗೊಳಿಸಬೇಕು.

– ಓದುಗರೊಬ್ಬರು, ಪುತ್ತೂರು